ಮುಖ ಅವಳದು, ಕೈ ನನ್ನದು

ಮಾರ್ಚ್ 4, ಬುಧವಾರ

ಪಾಲಾಯಿತು. ಅಂಗಡಿ ಭಾವನಿಗೆ ಹೋಯಿತು. ನಮಗೆ ಎರಡು ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸುವ ಮೇಜು, ಒಂದಷ್ಟು ಬಟ್ಟೆಯ ಸುರುಳಿ, ಮನೆ ಹಿಂದಿನ ಶೆಡ್ಡು. ಅಣ್ಣ ತಮ್ಮ ಇಬ್ಬರೂ ಸೋಫಾಗೆ ಹಾಕುವ ಫೋಮ್ ಹಾಳೆಗಳನ್ನು ಕೂಡ ಟೇಪು ಹಿಡಿದು ಅಳೆದು ಹಂಚಿಕೊಂಡರು. ಸ್ಟೇಪ್ಲರ್ ಪಿನ್ನಿನ ಡಬ್ಬಿಯನ್ನೂ ಬಿಡಲಿಲ್ಲ. ಇಷ್ಟೆಲ್ಲ ಅಳೆದವರಿಗೆ ಇಂಟರ್ನೆಟ್ಟಿನಲ್ಲಿರುವ ಅಂಗಡಿಯ ಪೇಜು ಕೂಡ ಒಂದು ಆಸ್ತಿ ಎಂದು ಹೊಳೆಯಲೇ ಇಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಓರಗಿತ್ತಿ ಪಾಸ್‌ವರ್ಡ್ ಬದಲಾಯಿಸಿ ಫೋನನ್ನು ಚೀಲಕ್ಕೆ ಹಾಕಿಕೊಂಡಿದ್ದಳು.

ಆ ಪೇಜು ನಾನು ಕಟ್ಟಿದ್ದು. ಹರಿದು ಹಲ್ಲು ಕಿರಿಯುತ್ತಿದ್ದ ಸೋಫಾಗಳು ಹೊಸದಾಗುವ ವೀಡಿಯೊ ನೋಡಿ ನೋಡಿ ಮೂವತ್ತು ಸಾವಿರ ಜನ ಸೇರಿಕೊಂಡರು. ಪ್ರತಿಯೊಂದರಲ್ಲೂ ಬಿಚ್ಚುವ, ಕತ್ತರಿಸುವ, ಹೊಲಿಯುವ ಕೈ ನನ್ನದು. ಮುಖ ಅವಳದು. ಕ್ಯಾಮೆರಾ ಕಂಡರೆ ನಾನು ಮುಖ ಗಂಟು ಹಾಕುತ್ತೇನಂತೆ, ಆದ್ದರಿಂದ ಮಾತು ಅವಳೇ ಆಡುತ್ತಾಳಂತೆ. ನಾನೂ ತಲೆ ಆಡಿಸಿದೆ. ಬುದ್ಧಿಯನ್ನು ಎಲ್ಲಿ ಅಡವಿಟ್ಟಿದ್ದೆನೋ ಗೊತ್ತಿಲ್ಲ.

ಇನ್ನು ಮೇಲೆ ಅವಳ ಹೆಸರು ಮುಖ. ಆ ಪೇಜು ಮಣ್ಣುಪಾಲಾಗುವುದನ್ನು ಕಣ್ಣಾರೆ ನೋಡುವ ತನಕ ನನಗೆ ನೆಮ್ಮದಿಯಿಲ್ಲ. ಇದನ್ನು ಇವರ ಹತ್ತಿರ ಹೇಳಿದರೆ, ಹೋಗಲಿ ಬಿಡು, ಅಣ್ಣನ ಮನೆ ತಾನೇ ಅನ್ನುತ್ತಾರೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮಾರ್ಚ್ 5, ಗುರುವಾರ

ಇದ್ದಾನೆ, ದೇವರು ಇದ್ದಾನೆ.

ವೀಡಿಯೊ ತೆಗೆಯಲು ಅಂಗಡಿಯಲ್ಲಿ ಒಂದು ಹಳೇ ಫೋನ್ ಇಟ್ಟಿದ್ದೆವು. ಗಾಜು ಒಡೆದು ಬಲೆ ಕಟ್ಟಿದೆ. ಕ್ಯಾಮೆರಾ ನಿಲ್ಲಿಸುವ ಮೂರು ಕಾಲಿನ ಸ್ಟ್ಯಾಂಡಿನ ಜತೆ ಅದೂ ಕಸವೆಂದು ನಮ್ಮ ಪಾಲಿಗೆ ಬಂದಿತ್ತು. ಹಳೇ ಫೋಟೊ ಏನಾದರೂ ಇದ್ದೀತೆಂದು ಚಾರ್ಜಿಗೆ ಹಾಕಿದೆ. ಹತ್ತಿದ ಕೂಡಲೇ ಟಿಂಗ್ ಅಂತ ಸದ್ದು. ಪೇಜು ತೆರೆದೇ ಇದೆ. ಮುಖ ಪಾಸ್‌ವರ್ಡ್ ಬದಲಾಯಿಸಿದಳೇ ಹೊರತು ಒಳಗಿದ್ದ ಈ ಫೋನನ್ನು ಹೊರಗೆ ಹಾಕಲು ಅವಳಿಗೆ ತಿಳಿದಿಲ್ಲ. ಗಿರಾಕಿಗಳು ಅವಳಿಗೆ ಬರೆಯುವುದೆಲ್ಲ ನನ್ನ ಮಡಿಲಿಗೆ ಬಂದು ಬೀಳುತ್ತಿದೆ.

ಇದು ಕಳ್ಳತನವಲ್ಲ. ನಾನೇ ಕಟ್ಟಿದ ಮನೆಗೆ ನಾನು ಕಿಟಕಿಯಿಂದ ಇಳಿದ ಹಾಗೆ.

ಮಾರ್ಚ್ 7, ಶನಿವಾರ

ಇಂದು ಬೆಳಗಿನಿಂದ ಬಂದ ಮೆಸೇಜುಗಳನ್ನೆಲ್ಲ ಅಳಿಸಿದೆ. ಯಾವುದೋ ಆಸ್ಪತ್ರೆಯ ಕಾಯುವ ಕೋಣೆಯ ಬೆಂಚುಗಳು, ಒಂದು ದಿವಾನ್ ಮಂಚ, ಒಬ್ಬರ ಮನೆಯ ಊಟದ ಮೇಜಿನ ಕುರ್ಚಿಗಳು, ಎಲ್ಲವೂ ಗಾಳಿಗೆ. ಒಂದೊಂದು ಅಳಿಸುವಾಗಲೂ ಬೇಸಗೆಯಲ್ಲಿ ತಣ್ಣೀರು ಕುಡಿದಂತಾಯಿತು.

ನನ್ನದೇ ಹೊಸ ಪೇಜು ಶುರು ಮಾಡಿದ್ದೇನೆ. ಸೇರಿದವರೆಲ್ಲ ನೆಂಟರು. ಅದರಲ್ಲಿ ಮುಖವೂ ಒಬ್ಬಳು, ನಾನು ಏನು ಮಾಡುತ್ತೇನೆಂದು ಇಣುಕಿ ನೋಡಲು ಬಂದಿದ್ದಾಳೆ. ಇಣುಕಲಿ. ನಾನು ಅವಳ ಅಡುಗೆಮನೆಯಲ್ಲೇ ಕೂತಿದ್ದೇನೆ.

ಮಾರ್ಚ್ 12, ಗುರುವಾರ

ಅಳಿಸುವುದರಲ್ಲಿ ಈಗ ಮೊದಲಿನ ರುಚಿಯಿಲ್ಲ. ಉತ್ತರ ಸಿಗದ ಗಿರಾಕಿ ಸುಮ್ಮನೆ ಬೇರೆ ಕಡೆ ಹೋಗುತ್ತಾನೆ, ಅವಳಿಗೆ ಕೆಟ್ಟ ಹೆಸರು ಬರುವುದಿಲ್ಲ. ಹೆಸರು ಕೆಡಬೇಕಾದರೆ ಕೆಟ್ಟ ಉತ್ತರ ಹೋಗಬೇಕು. ಇದು ಮೊದಲೇ ಹೊಳೆಯಬೇಕಿತ್ತು.

ಮಧ್ಯಾಹ್ನ ಒಬ್ಬ ತಾಯಿ ಕೇಳಿದಳು. ಮನೆಯಲ್ಲಿ ಎರಡು ಚಿಕ್ಕ ಮಕ್ಕಳು, ಒಂದು ನಾಯಿ. ಸೋಫಾಗೆ ಬಿಳಿ ಬಟ್ಟೆ ಹಾಕಿಸಬಹುದಾ ಎಂದು. ನಾನು ಮುಖದ ಹಾಗೆಯೇ ಬೆಣ್ಣೆ ಹಚ್ಚಿ ಬರೆದೆ, ಬಿಳಿಯೇ ಚೆಂದ, ಅದರಲ್ಲೂ ತೆಳು ಬಿಳಿ, ಕಣ್ಣು ಮುಚ್ಚಿಕೊಂಡು ಹಾಕಿಸಿ ಎಂದು. ತಿಂಗಳೊಳಗೆ ಆ ಸೋಫಾ ನೆಲ ಒರೆಸುವ ಬಟ್ಟೆಯ ಹಾಗಾಗುತ್ತದೆ. ಆಮೇಲೆ ಆ ತಾಯಿ ಪೇಜಿನ ಮೇಲೆ ಬಂದು ಇವಳ ಚಳಿ ಬಿಡಿಸುತ್ತಾಳೆ.

ಮಾರ್ಚ್ 13, ಶುಕ್ರವಾರ

ಬಿಳಿ ಬೇಡ, ಒತ್ತಾಗಿ ನೇಯ್ದ ಕಂದು ಬಟ್ಟೆ ಹಾಕಿಸಿ, ಕವರ್ ಬಿಚ್ಚಿ ಒಗೆಯುವಂತೆ ಜಿಪ್ ಇಡಿಸಿ ಎಂದು ಬೆಳಿಗ್ಗೆ ಎದ್ದ ತಕ್ಷಣ ಬರೆದೆ. ಕನಿಕರದಿಂದೇನಲ್ಲ. ಇಂಥ ಸಲಹೆ ಕೊಟ್ಟರೆ ಸೋಫಾ ಕೆಲಸದವರೇ ಹೀಗೆ ಎಂದು ಜನ ಎಲ್ಲರನ್ನೂ ಸೇರಿಸಿ ಬೈಯುತ್ತಾರೆ. ಅದರಲ್ಲಿ ನಾನೂ ಬರುತ್ತೇನೆ.

ಮಾರ್ಚ್ 19, ಗುರುವಾರ

ವೈರಿಯ ವ್ಯಾಪಾರ ಪೂರ್ತಿ ತಿಳಿಯದೆ ಅದನ್ನು ಕೆಡಿಸುವುದು ಹೇಗೆ. ಹಾಗಾಗಿ ಈಗ ಎಲ್ಲರಿಗೂ ಸರಿಯಾಗಿಯೇ ಉತ್ತರ ಬರೆಯುತ್ತಿದ್ದೇನೆ. ಗಿರಾಕಿಗಳು ಪೂರ್ತಿ ನಂಬಲಿ. ನಂಬಿಕೆ ಎತ್ತರಕ್ಕೆ ಹೋದಷ್ಟೂ ಬೀಳುವಾಗ ಸದ್ದು ಜೋರು.

ಜನಕ್ಕೆ ಎಷ್ಟೊಂದು ಗೊತ್ತಿಲ್ಲ ಎಂದು ಈಗ ಗೊತ್ತಾಗುತ್ತಿದೆ. ಒಬ್ಬ ಸೋಫಾ ಮೇಲೆ ಎಣ್ಣೆ ಚೆಲ್ಲಿಕೊಂಡು ಬಿಸಿನೀರು ಸುರಿಯಲು ಹೊರಟಿದ್ದ. ಅವನನ್ನು ತಡೆಯುವಷ್ಟರಲ್ಲಿ ಸಾಕುಸಾಕಾಯಿತು. ಹೊಸದಾಗಿ ಮದುವೆಯಾದ ಒಬ್ಬಳು ಅತ್ತೆ ಕೊಟ್ಟ ಸೋಫಾ ತನಗೆ ಹಿಡಿಸಿಲ್ಲ, ಹೇಳಿದರೆ ಜಗಳ, ಏನು ಮಾಡಲಿ ಎಂದಳು. ಕುಶನ್ನುಗಳ ಕವರ್ ಬದಲಾಯಿಸು, ಮೈಯನ್ನು ಹಾಗೇ ಬಿಡು, ಅತ್ತೆಗೆ ಅತ್ತೆಯ ಸೋಫಾ ಕಾಣುತ್ತದೆ, ನಿನಗೆ ನಿನ್ನದು ಎಂದು ಬರೆದೆ. ಅವಳು ನಗುವ ಮುಖಗಳ ಸಾಲನ್ನೇ ಕಳಿಸಿದಳು.

ಇವರು ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದವರು ತಲೆ ಎತ್ತಿ, ಆ ಒಡಕು ಫೋನ್ ನೋಡಿಕೊಂಡು ಒಬ್ಬಳೇ ನಗುತ್ತೀಯಲ್ಲ ಏನು ಸಮಾಚಾರ ಎಂದರು. ಹಳೇ ಫೋಟೊ ಎಂದೆ.

ನನ್ನ ಪೇಜಿಗೆ ಏನೂ ಹಾಕಿಲ್ಲ. ಪುರುಸೊತ್ತೇ ಆಗಿಲ್ಲ.

ಮಾರ್ಚ್ 27, ಶುಕ್ರವಾರ

ಮೈ ಪರಚಿಕೊಳ್ಳುವ ಹಾಗಾಗಿದೆ. ಮುಖ ಇವತ್ತು ಲೈವ್ ಬಂದಿದ್ದಳು. ತುಟಿಗೆ ಬಣ್ಣ, ಹಿಂದೆ ನಾನು ಹೊಲಿದ ನೀಲಿ ಸೋಫಾ. ಗಿರಾಕಿಗಳು ಸಾಲಾಗಿ ಬರೆದರು, ಮೇಡಂ ನೀವು ಈಚೆಗೆ ಎಷ್ಟು ತಾಳ್ಮೆಯಿಂದ ಉತ್ತರ ಕೊಡ್ತೀರಿ, ಮನೆಯವರ ಹಾಗೆ ಮಾತಾಡ್ತೀರಿ ಎಂದು. ಅವಳು ಎದೆಯ ಮೇಲೆ ಕೈ ಇಟ್ಟುಕೊಂಡು, 'ನಿಮ್ಮ ಪ್ರೀತಿನೇ ನನಗೆ ಬರೆಯೋ ಶಕ್ತಿ' ಎಂದಳು. ಬರೆಯುವ ಶಕ್ತಿಯಂತೆ. ಒಂದು ರಸೀದಿಯನ್ನೂ ತಪ್ಪಿಲ್ಲದೆ ಬರೆಯಲು ಬಾರದವಳು. ಅವಳು ಮೆಸೇಜ್ ಓದುವವಳೇ ಅಲ್ಲ, ಹೃದಯದ ಗುರುತು ಎಷ್ಟು ಬಂತೆಂದು ನೋಡಿಕೊಂಡು ಫೋನ್ ಕೆಳಗಿಡುತ್ತಾಳೆ. ಆದ್ದರಿಂದಲೇ ನಾನು ಇಷ್ಟು ದಿನ ಸಿಕ್ಕಿಬಿದ್ದಿಲ್ಲ.

ಮೊದಲು ಕೈ ನನ್ನದು, ಮುಖ ಅವಳದು. ಈಗ ಮಾತೂ ನನ್ನದಾಯಿತು, ಹೆಸರು ಮತ್ತೆ ಅವಳಿಗೇ ಹೋಯಿತು. ಏನಾದರೂ ದೊಡ್ಡದು ಆಗಬೇಕು. ಸಣ್ಣಪುಟ್ಟದ್ದರಿಂದ ಇವಳ ಕೊಬ್ಬು ಕರಗುವುದಿಲ್ಲ.

ಏಪ್ರಿಲ್ 2, ಗುರುವಾರ

ಬಸ್ ಓಡಿಸಿ ನಿವೃತ್ತರಾದ ಒಬ್ಬರು ಬರೆದಿದ್ದಾರೆ. ಬರವಣಿಗೆಯಲ್ಲಿ ಚುಕ್ಕಿಯಿಲ್ಲ, ನಿಲ್ದಾಣವೇ ಇಲ್ಲದ ಬಸ್ಸು. ಅವರ ಹೆಂಡತಿಗೆ ಮರೆವಿನ ಕಾಯಿಲೆ. ಮಕ್ಕಳ ಗುರುತು ಹೋಗಿದೆ, ಗಂಡನ ಗುರುತು ಒಂದು ದಿನ ಇದ್ದರೆ ಒಂದು ದಿನ ಇಲ್ಲ. ಒಂದು ಕುರ್ಚಿಯ ಗುರುತು ಮಾತ್ರ ಮೈಗೆ ಹತ್ತಿದೆ. ಆ ಕುರ್ಚಿಯ ಸೀಟು ಆಕೆ ಕೂತು ಕೂತು ಗುಳಿ ಬಿದ್ದಿದೆ. ಅದರಲ್ಲಿ ಕೂತರೆ ಸಮಾಧಾನ, ಅನ್ನವೂ ಒಳಗೆ ಹೋಗುತ್ತದೆ. ಬೇರೆ ಎಲ್ಲಿ ಕೂರಿಸಿದರೂ ಮನೆಗೆ ಹೋಗಬೇಕು ಎಂದು ಅಳುತ್ತಾರೆ. ಈಗ ಬಟ್ಟೆ ಹರಿದು ಮೊಳೆಯೊಂದು ತೊಡೆಗೆ ಚುಚ್ಚಿ ಗಾಯವಾಗಿದೆ. ಬಟ್ಟೆ ಹೊಸದು ಬೇಕು, ಗುಳಿ ಹಳೆಯದೇ ಇರಬೇಕು, ಆಗುತ್ತದಾ ಎಂದು ಕೇಳಿದ್ದಾರೆ.

ಸುಮಾರು ಹೊತ್ತು ಯೋಚಿಸಿದೆ. ಆಗುತ್ತದೆ. ಸೀಟಿನ ಒಳಗೆ ತುಂಬಿರುವ ತೆಂಗಿನ ನಾರನ್ನು ಅಲುಗಿಸಬಾರದು. ಮೇಲೊಂದು ತೆಳು ಬಟ್ಟೆ ಹಾಸಿ, ಗುಳಿಯ ಏರಿಳಿತಕ್ಕೆ ಸರಿಯಾಗಿ ದಬ್ಬಣದಲ್ಲಿ ಸಡಿಲ ಹೊಲಿಗೆ ಹಾಕಿ ನಾರನ್ನು ಇದ್ದಲ್ಲೇ ಹಿಡಿಸಬೇಕು. ಮೇಲಿನ ಬಟ್ಟೆಯನ್ನು ಎಳೆದು ಬಿಗಿಯಬಾರದು, ಬಿಗಿದರೆ ಗುಳಿಯ ಮೇಲೆ ಸೇತುವೆ ಕಟ್ಟಿದಂತಾಗುತ್ತದೆ. ಇದನ್ನೆಲ್ಲ ಬರೆದೆ. ಗುಳಿ ಒಂದು ಕೂದಲಿನಷ್ಟೂ ಬದಲಾಗುವುದಿಲ್ಲ, ನನ್ನ ಮಾತು ನಂಬಿ ಎಂದೂ ಬರೆದೆ. ಅವರು ಒಂದೇ ಪದ ಕಳಿಸಿದರು, ನಂಬಿದೆ.

ಏಪ್ರಿಲ್ 9, ಗುರುವಾರ

ಬಸ್ಸಿನವರು ನಾಳೆ ಕುರ್ಚಿ ಕಳಿಸುತ್ತಾರಂತೆ. ಪೇಜಿನಲ್ಲಿರುವ ವಿಳಾಸಕ್ಕೆ, ಅಂದರೆ ಭಾವನ ಅಂಗಡಿಗೆ. ಅದಲ್ಲದೆ ಇನ್ನೆಲ್ಲಿಗೆ ಕಳಿಸುತ್ತಾರೆ. ಇದು ನನಗೆ ಇವತ್ತಿನ ತನಕ ತಲೆಗೇ ಹೋಗಿರಲಿಲ್ಲ. ಕುರ್ಚಿ ಇಲ್ಲಿಗೇ, ಈ ಶೆಡ್ಡಿಗೇ ಬರುತ್ತದೆ ಅನ್ನುವ ಹಾಗೆ ದಾರದ ಬಣ್ಣವನ್ನೂ ಆರಿಸಿ ಇಟ್ಟುಬಿಟ್ಟಿದ್ದೆ.

ಆಮೇಲೆ ನಿಧಾನವಾಗಿ ಅರ್ಥವಾಯಿತು. ಗುಳಿಯ ವಿಷಯ ಅಂಗಡಿಯಲ್ಲಿ ಯಾರಿಗೂ ಗೊತ್ತಿಲ್ಲ. ಕುಸಿದ ಸೀಟು ಕಂಡರೆ ಭಾವ ಹಳೇ ನಾರನ್ನು ಕಿತ್ತೆಸೆದು ಹೊಸ ಫೋಮ್ ತುಂಬುತ್ತಾರೆ, ಅದೇ ಅವರ ಹೆಮ್ಮೆ. ಆ ಹೆಂಗಸು ಕೂರುತ್ತಾರೆ, ಅಳುತ್ತಾರೆ. ಬಸ್ಸಿನವರು ಮಾತು ತಪ್ಪಿದಿರಿ ಎಂದು ಪೇಜಿನ ಮೇಲೆ ಬರೆಯುತ್ತಾರೆ, ನಾನು ಕೊಟ್ಟ ಮಾತನ್ನೂ ಜತೆಗೆ ಅಂಟಿಸುತ್ತಾರೆ. ಮೂವತ್ತು ಸಾವಿರ ಜನ ಓದುತ್ತಾರೆ. ಮುಖ ಎತ್ತಿಕೊಂಡು ತಿರುಗುವ ಹಾಗಿರುವುದಿಲ್ಲ.

ನಾನು ಏನೂ ಮಾಡಬೇಕಾಗಿಲ್ಲ. ಸುಮ್ಮನಿದ್ದರೆ ಸಾಕು. ಕೇಳಿಕೊಂಡಿದ್ದು ಇದನ್ನೇ.

ಏಪ್ರಿಲ್ 10, ಶುಕ್ರವಾರ

ಕುರ್ಚಿ ತಲುಪಿತು ಎಂದು ಬಸ್ಸಿನವರ ಮೆಸೇಜ್ ಬಂತು. ತುಂಬಾ ಖುಷಿಯಾಗಿದೆ.

ಒಂದು ಕುಶನ್ನಿಗೆ ಜಿಪ್ ತಿರುಗಾಮುರುಗಾ ಹೊಲಿದೆ. ಬಿಚ್ಚಿ ಹೊಲಿದೆ, ಮತ್ತೆ ಹಾಗೇ ಆಯಿತು. ಇವರು ಮೈ ಹುಷಾರಿಲ್ವಾ ಎಂದರು. ಹುಷಾರಾಗೇ ಇದ್ದೇನೆ ಎಂದು ರೇಗಿದೆ. ಸೆಕೆಗೆ ಊಟ ಸೇರಲಿಲ್ಲ.

ಏಪ್ರಿಲ್ 11, ಶನಿವಾರ

ಅವರು ಹಾಳಾಗುವ ಚೆಂದವನ್ನು ಹತ್ತಿರದಿಂದಲೇ ನೋಡೋಣ ಎಂದು ಬೆಳಿಗ್ಗೆ ಅಂಗಡಿಗೆ ಹೋದೆ. ಪಾಲಾದ ಮೇಲೆ ಆ ಕಡೆ ತಲೆ ಹಾಕಿರಲಿಲ್ಲ. ಕುರ್ಚಿ ನಡುವೆ ಇತ್ತು. ಬಟ್ಟೆ ಬಿಚ್ಚಿ ಆಗಿತ್ತು. ನಾರಿನಲ್ಲಿ ಆ ಗುಳಿ, ಒಂದು ಕಡೆ ಸ್ವಲ್ಪ ಹೆಚ್ಚು ಆಳ, ಬಲಕ್ಕೆ ವಾಲಿ ಕೂರುವವರದು. ಭಾವ ಎರಡೂ ಕೈ ಒಳಗೆ ಹಾಕಿ ನಾರನ್ನು ಎತ್ತಲು ಬಗ್ಗಿದರು.

'ಭಾವ, ಕೈ ತೆಗೀರಿ' ಎಂದು ಕೂಗಿದೆ. ಅವರೆದುರು ನಾನು ದನಿ ಎತ್ತಿದ್ದು ಇದೇ ಮೊದಲು. ಅವರು ಬೆಂಕಿ ಮುಟ್ಟಿದವರ ಹಾಗೆ ಕೈ ಎಳೆದುಕೊಂಡರು.

ಒಳಗಿನಿಂದ ಮುಖ ಬಂದಳು. ಟೀ ಲೋಟ ಕೈಯಲ್ಲೇ ಇತ್ತು.

'ಬಂದ್ಯಾ. ನಿನ್ನೆನೇ ಬರ್ತೀಯ ಅಂದ್ಕೊಂಡಿದ್ದೆ' ಎಂದಳು.

ಅವಳು ಸ್ಟೂಲಿನ ಮೇಲೆ ಕೂತು ನಿಧಾನವಾಗಿ ಟೀ ಕುಡಿಯುತ್ತಾ ಎಲ್ಲ ಹೇಳಿದಳು. ಮೊದಲ ವಾರವೇ ಗೊತ್ತಾಗಿತ್ತಂತೆ. ಅವಳ ಫೋನಿನಲ್ಲೂ ನನ್ನ ಉತ್ತರಗಳು ಕಾಣುತ್ತವಲ್ಲ. ಒಡಕು ಫೋನನ್ನು ಹೊರಗೆ ಹಾಕಲು ಒಂದು ಬಟನ್ ಒತ್ತಿದ್ದರೆ ಸಾಕಿತ್ತಂತೆ.

'ಮತ್ತೆ ಯಾಕೆ ಒತ್ತಲಿಲ್ಲ' ಎಂದೆ.

'ನಾನು ಬರೆದ್ರೆ ಬಂದ ಗಿರಾಕಿನೂ ಓಡಿಹೋಗ್ತಾರೆ. ನೀನು ಬರೆದ್ರೆ ಬರ್ತಾರೆ. ಸಂಬಳ ಇಲ್ದೆ ಮಾಡೋರನ್ನ ಯಾರಾದ್ರೂ ಕೆಲಸದಿಂದ ತೆಗೀತಾರಾ.'

ನಾಚಿಕೆ ಒಂದು ಚೂರೂ ಇಲ್ಲ. ನಾನು ಅವಳ ಬುಡಕ್ಕೆ ಬಿಸಿನೀರು ಬಿಡುತ್ತಿದ್ದೇನೆಂದು ಬೀಗುತ್ತಿದ್ದೆ, ಅವಳು ಗಿಡ ಚೆನ್ನಾಗಿ ಬೆಳೀತಿದೆ ಎಂದು ನೋಡಿಕೊಂಡು ಕೂತಿದ್ದಳು. ಆ ಟೀಯನ್ನು ಅವಳ ತಲೆ ಮೇಲೆ ಸುರಿಯಬೇಕು ಅನ್ನಿಸಿತು. ಆದರೆ ಕುರ್ಚಿ ಪಕ್ಕದಲ್ಲೇ ಇತ್ತು, ನಾರಿನ ಮೇಲೆ ಚೆಲ್ಲಿಬಿಟ್ಟರೆ ಕಷ್ಟ.

'ಗುಳಿ ವಿಷಯ ಓದಿದ್ದೂ ಇವರಿಗೆ ಹೇಳ್ಲಿಲ್ವಾ' ಎಂದು ಭಾವನ ಕಡೆ ತೋರಿಸಿದೆ.

'ಓದ್ದೆ. ನನಗೆ ತಲೆಬುಡ ಅರ್ಥ ಆಗ್ಲಿಲ್ಲ' ಎಂದಳು. ಆಗ ಮಾತ್ರ ಅವಳು ನನ್ನನ್ನು ನೋಡದೆ ಲೋಟದೊಳಗೆ ನೋಡುತ್ತಿದ್ದಳು. 'ಮಾತು ಕೊಟ್ಟೋಳು ನೀನು. ತಗೊಂಡು ಹೋಗು.'

ಕುರ್ಚಿಯನ್ನು ನಾನೇ ಹೊತ್ತು ತಂದೆ. ಭಾವ ಗಾಡಿ ಕೊಡುತ್ತೇನೆಂದರು, ಬೇಡವೆಂದೆ. ಗಾಡಿ ಕುಲುಕಿದರೆ ನಾರು ಜರುಗುತ್ತದೆ.

ಏಪ್ರಿಲ್ 14, ಮಂಗಳವಾರ

ಮೂರು ದಿನದಿಂದ ಬೇರೆ ಕೆಲಸ ಮುಟ್ಟಿಲ್ಲ. ತೆಳು ಬಟ್ಟೆಯನ್ನು ಗುಳಿಯೊಳಗೆ ಬೆರಳಿನಿಂದ ಒತ್ತಿ ಒತ್ತಿ ಕೂರಿಸಿ ಹೊಲಿದೆ. ಸೀಟಿನ ಭಾರ ಹೊರುವ ಕೆಳಗಿನ ಸಡಿಲ ಪಟ್ಟಿಗಳನ್ನು ಬಿಚ್ಚದೆ ಅವುಗಳ ಅಡಿಗೆ ಹೊಸ ಪಟ್ಟಿ ಕೊಟ್ಟೆ. ಚುಚ್ಚುತ್ತಿದ್ದ ಮೊಳೆ ಕಿತ್ತೆ. ಬಲಗೈ ಇಡುವ ಜಾಗದಲ್ಲಿ ಹಳೇ ಬಟ್ಟೆಯ ತುಂಡನ್ನೇ ಒಗೆದು ಹಾಕಿದೆ, ಕೈಗೂ ಗುರುತು ಬೇಕಲ್ಲ. ಇವರು ಕಾಲುಗಳಿಗೆ ಪಾಲಿಶ್ ಹಚ್ಚಲು ಬಂದರು, ವಾಸನೆ ಬದಲಾಗುತ್ತದೆ ಎಂದು ತಡೆದೆ.

ಇದನ್ನೆಲ್ಲ ಮಾಡುತ್ತಿರುವುದು ಮುಖಕ್ಕೆ ಮಂಗಳಾರತಿ ಮಾಡಲಿಕ್ಕೇ. ಕೆಲಸ ಅಂದರೆ ಏನೆಂದು ತಿಳಿಯಲಿ.

ಏಪ್ರಿಲ್ 17, ಶುಕ್ರವಾರ

ಬಸ್ಸಿನವರಿಗೆ ಫೋನ್ ಮಾಡಿ ಶೆಡ್ಡಿಗೆ ಬರಹೇಳಿದ್ದೆ. ಹೆಂಡತಿಯನ್ನೂ ಕರೆತಂದರು, ಬಿಟ್ಟು ಬರಲು ಯಾರೂ ಇರಲಿಲ್ಲವಂತೆ. ಆಕೆ ಬಾಗಿಲಲ್ಲೇ ನಿಂತು ಮನೆಗೆ ಹೋಗಬೇಕು, ಮನೆಗೆ ಹೋಗಬೇಕು ಎನ್ನುತ್ತಿದ್ದರು. ಕುರ್ಚಿ ನೋಡಿದರು, ಗುರುತಿಸಲಿಲ್ಲ. ಬಟ್ಟೆ ಹೊಸದಲ್ಲವೇ. ಬಸ್ಸಿನವರು ತೋಳು ಹಿಡಿದು ಮೆಲ್ಲಗೆ ಕೂರಿಸಿದರು.

ಆಕೆ ಒಂದು ಸಲ ಅಲುಗಿ, ಬಲಕ್ಕೆ ವಾಲಿದರು. ಕೈ ತಾನಾಗಿ ಹೋಗಿ ಹಳೇ ಬಟ್ಟೆಯ ಮೇಲೆ ಕೂತಿತು. ಆಮೇಲೆ ನಮ್ಮ ಮೂವರನ್ನೂ ನೋಡಿ, 'ಬನ್ನಿ, ಒಳಗೆ ಬನ್ನಿ, ಯಾಕೆ ನಿಂತಿದ್ದೀರಿ' ಎಂದರು. ಅವರ ಪಾಲಿಗೆ ಮನೆ ಬಂದಿತ್ತು.

ಇವರು ಹೊರಗೆ ಹೋಗಿ ನಿಂತರು. ನನಗೂ ಅಳು ಬಂತು, ಬರೆದರೆ ತಪ್ಪೇನು.

ಮೆಸೇಜ್ ಬರೆಯುತ್ತಿದ್ದವರು ನೀವೇನಾ ಎಂದು ಬಸ್ಸಿನವರು ಕೇಳಿದರು. ಹೌದು ಎಂದೆ. ಪೇಜಿನಲ್ಲಿ ಕಾಣುವ ಮುಖ ಬೇರೆಯವರದಲ್ಲವಾ ಎಂದರು. ಆಗ ನನ್ನ ಬುದ್ಧಿ ಚುರುಕಾಯಿತು. ಏನು ನಡೆಯಿತೋ ಅಷ್ಟನ್ನೂ ಅದೇ ಪೇಜಿನ ಮೇಲೆ ಬರೆಯಿರಿ ಎಂದೆ. ಅವರು ಅಲ್ಲೇ ನಿಂತು ಬರೆದರು. ಕುರ್ಚಿ ಮಾಡಿದ್ದು ಈ ಅಂಗಡಿಯವರಲ್ಲ ಇವರ ತಮ್ಮನ ಹೆಂಡತಿ ಉತ್ತರ ಬರೆಯುತ್ತಿದ್ದವರೂ ಅವರೇ ಅವರ ಶೆಡ್ಡು ಇಂಥ ಕಡೆ ಇದೆ ನನ್ನ ಹೆಂಡತಿ ಊಟ ಮಾಡುತ್ತಿದ್ದಾಳೆ ಎಂದು, ಚುಕ್ಕಿಯಿಲ್ಲದೆ. ಅವರು ಹೋದ ಮೇಲೆ ಒಡಕು ಫೋನಿನಿಂದ ಅದನ್ನು ಪೇಜಿನ ನೆತ್ತಿಯ ಮೇಲೆ ಪಿನ್ ಮಾಡಿದೆ. ಯಾರು ಬಂದರೂ ಮೊದಲು ಅದನ್ನೇ ಓದಬೇಕು.

ಮೂವತ್ತು ಸಾವಿರ ಜನರ ಮುಂದೆ ಅವಳದೇ ಗೋಡೆಗೆ ನನ್ನ ಬೋರ್ಡು. ಇಂಥ ಸುಖ ಮದುವೆಯ ದಿನವೂ ಆಗಿರಲಿಲ್ಲ.

ಏಪ್ರಿಲ್ 18, ಶನಿವಾರ

ಹೊರಗೆ ಹಾಕಿದಳು. ಬೆಳಿಗ್ಗೆ ಒಬ್ಬ ಹೆಂಗಸಿನ ಮೆಸೇಜ್ ಓದುತ್ತಿದ್ದೆ. ಗಂಡನ ಮಂಡಿಗೆ ಆಪರೇಷನ್ ಆಗಿ ಮನೆಗೆ ಬಂದಿದ್ದಾರೆ, ಸೋಫಾ ತಗ್ಗು, ಕೂತರೆ ಏಳಲಾಗುತ್ತಿಲ್ಲ, ಎತ್ತಿ ಎತ್ತಿ ತನ್ನ ಸೊಂಟ ಹೋಗಿದೆ, ಎತ್ತರ ಮಾಡುವುದು ಹೇಗೆ ಎಂದು. ಬರೆಯಲು ಶುರು ಮಾಡುವಷ್ಟರಲ್ಲಿ ಪರದೆ ಬಿಳಿಯಾಯಿತು. ಮತ್ತೆ ಪಾಸ್‌ವರ್ಡ್ ಕೇಳುತ್ತಿದೆ.

ಕೊನೆಗೂ ಆ ಬಟನ್ ಒತ್ತಿದಳು. ಗೆದ್ದವಳು ನಾನು. ಶನಿ ತೊಲಗಿತು.

ಆ ಹೆಂಗಸಿಗೆ ಮುಖ ಏನು ಬರೆಯುತ್ತಾಳೋ. ಇನ್ನೊಂದು ಕುಶನ್ ಹಾಕಿಕೊಳ್ಳಿ ಎಂದು ಬರೆಯುತ್ತಾಳೆ, ಕತ್ತೆ. ಕುಶನ್ ಹಾಕಿದರೆ ಅವರು ಜಾರಿ ಬೀಳುತ್ತಾರೆ.

ಏಪ್ರಿಲ್ 21, ಮಂಗಳವಾರ

ಹೆಸರು ನೆನಪಿತ್ತು. ಹುಡುಕಿ ಹುಡುಕಿ ಆ ಹೆಂಗಸನ್ನು ಹಿಡಿದು, ನನ್ನ ಪೇಜಿನಿಂದ ಬರೆದೆ. ನಾನು ಯಾರೆಂದು ಹೇಳಬೇಕಾಯಿತು. ಸೋಫಾ ಕೆಲಸ ಮಾಡುವವಳು ಎಂದೆ. ಸೋಫಾದ ಕಾಲುಗಳ ಅಡಿಗೆ ಗುಳಿ ಕೊರೆದ ಮರದ ತುಂಡು ಕೊಡಿ ಎಂದು ಬರೆದರೆ ಅವರಿಗೆ ತಿಳಿಯಲಿಲ್ಲ. ಮತ್ತೆ ಬರೆದೆ, ಆಗಲೂ ತಿಳಿಯಲಿಲ್ಲ. ತಲೆಕೆಟ್ಟು, ಇವರ ಕೈಗೆ ಫೋನ್ ಕೊಟ್ಟು, ಶೆಡ್ಡಿನ ಸೋಫಾದ ಪಕ್ಕ ಕೂತು ಮಾಡಿ ತೋರಿಸಿದೆ. ಮಾತಾಡಿಕೊಂಡೇ ಮಾಡಿದೆ. ಕ್ಯಾಮೆರಾ ಯಾವ ಕಡೆ ಇತ್ತೋ ನೋಡಲಿಲ್ಲ. ನನ್ನ ಮುಖವೂ ಬಂದಿದೆಯಂತೆ. ಅಳಿಸಲೇ ಎಂದು ಇವರು ಕೇಳಿದರು, ಇರಲಿ ಬಿಡಿ, ಮತ್ತೆ ಯಾರು ಮಾಡುತ್ತಾರೆ ಎಂದೆ.

ಆ ಹೆಂಗಸಿನ ಗಂಡ ತಾನೇ ಎದ್ದು ನಿಂತಿರುವ ಫೋಟೊ ಸಂಜೆ ಬಂತು. ವೀಡಿಯೊ ಪೇಜಿನ ಮೇಲೂ ಹಾಕಿದ್ದೇನೆ. ಮುಖ ನೋಡಿ ಉರಿದುಕೊಳ್ಳಲಿ, ಅಷ್ಟಕ್ಕೇ.

ಏಪ್ರಿಲ್ 24, ಶುಕ್ರವಾರ

ನನ್ನ ಪೇಜಿಗೆ ಜನ ಬರುತ್ತಿದ್ದಾರೆ, ಎಷ್ಟೆಂದು ನೋಡಿಲ್ಲ. ಪ್ರಶ್ನೆಗಳೇ ಬೆಳಗಿನಿಂದ ಮುಗಿದಿಲ್ಲ.

ಬೆಳಿಗ್ಗೆ ವೀಡಿಯೊದ ಕೆಳಗೆ ಅವಳ ಕಾಮೆಂಟ್ ಬಂದಿತ್ತು. ಪೇಜಿನಿಂದಲ್ಲ, ಅವಳ ಸ್ವಂತ ಹೆಸರಿನಲ್ಲಿ, ಎಲ್ಲರಿಗೂ ಕಾಣುವ ಹಾಗೆ. ಮೂರು ಜನ ಕೂರುವ ಸೋಫಾಗೂ ನಾಲ್ಕೇ ತುಂಡು ಸಾಕಾ ಎಂದು. ಯಾವನೋ ಗಿರಾಕಿ ಅವಳನ್ನು ಕೇಳಿರಬೇಕು, ಇವಳಿಗೆ ತಲೆಬುಡ ಗೊತ್ತಿಲ್ಲ. ಆ ಬಸ್ಸಿನವರ ಬರಹವನ್ನೂ ಅವಳು ಪೇಜಿನ ನೆತ್ತಿಯಿಂದ ಇಳಿಸಿಲ್ಲ. ಯಾಕೆ ಇಳಿಸಿಲ್ಲವೋ, ಇಳಿಸುವ ಬಟನ್ ಎಲ್ಲಿದೆ ಎಂದು ಗೊತ್ತಿಲ್ಲವೇನೋ.

ಕಾದು ಕಾದು ಒಣಗಲಿ ಎಂದು ಮಧ್ಯಾಹ್ನದವರೆಗೆ ಬಿಟ್ಟೆ. ಊಟಕ್ಕೆ ಮೊದಲು ಬರೆದೆ. ನಾಲ್ಕು ಸಾಲದು, ನಡುವಿನ ಕಾಲಿಗೂ ಕೊಡಬೇಕು, ಇಲ್ಲದಿದ್ದರೆ ನಡುವೆ ಕೂತವರ ಭಾರಕ್ಕೆ ಸೋಫಾದ ಬೆನ್ನು ಮುರಿಯುತ್ತದೆ, ಭಾವನಿಗೆ ಹೇಳಿ ಒಂದೇ ಹಲಗೆಯಲ್ಲಿ ಎಲ್ಲ ತುಂಡು ಕೊಯ್ಯಿಸು, ಆಗ ಎತ್ತರ ಹೆಚ್ಚುಕಮ್ಮಿ ಆಗುವುದಿಲ್ಲ, ತಿಳಿಯದಿದ್ದರೆ ಫೋನ್ ಮಾಡು ಎಂದು.

ಗುಟ್ಟಾಗಿ ಕಳಿಸಬಹುದಿತ್ತು. ಬೇಕೆಂದೇ ಕಾಮೆಂಟಿನಲ್ಲಿ ಹಾಕಿದೆ. ಅವಳಿಗೆ ಏನೂ ಗೊತ್ತಿಲ್ಲ ಎಂದು ಊರಿಗೆಲ್ಲ ಗೊತ್ತಾಗಲಿ.